ಖುಲಾಸೆಯಾದವನು ನಿರ್ದೋಷಿಯೇ?

ಹುಮನಾಬಾದ್, ಬಸವಕಲ್ಯಾಣಗಳ ಕೋರ್ಟಿನಲ್ಲಿ ಅಪರಾಧ ಸಾಬೀತಾಗದಿದ್ದರೆ ಪತ್ರಿಕೆಗಳು 'ಆರೋಪಿ ಖುಲಾಸೆ' ಎಂದು ಬರೆಯುತ್ತವೆ. ಉರ್ದು ಬಲ್ಲವರು ಅದನ್ನೇ 'ಬರೀ ಆದ' ಎನ್ನುತ್ತಾರೆ. ಇದು ಕನ್ನಡದ 'ಬರೀ' ಅಲ್ಲ. ದೋಷದಿಂದ ಮುಕ್ತನಾದವನು ಎಂಬ ಅರ್ಥದ ಅರಬ್ಬಿ ಪದ. 1948ರವರೆಗೆ ಇಲ್ಲಿದ್ದುದು ನಿಜಾಮರ ಆಡಳಿತ, ಕೋರ್ಟಿನ ಭಾಷೆ ಉರ್ದು. ಬೀದರ್ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಮಾತು ಮಾತ್ರ ಉಳಿಯಿತು.

'ಖುಲಾಸೆ'ಯೂ ಅರಬ್ಬಿ ಮೂಲದ್ದೇ. ಆದರೆ ಹುಮನಾಬಾದಿನಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಗಡಿಯಾಚೆಯ ಉಮರ್ಗಾ ಮುಟ್ಟಿದರೆ ಅರ್ಥವೇ ಬೇರೆ. ಮರಾಠಿಯಲ್ಲಿ ಖುಲಾಸಾ ಎಂದರೆ ವಿವರಣೆ, ಸ್ಪಷ್ಟೀಕರಣ. ಬಿಡುಗಡೆಯ ಅರ್ಥ ಗಟ್ಟಿಯಾದುದು ಕನ್ನಡದಲ್ಲಿ.

ಇವೆರಡೂ ಬರುವ ಮುನ್ನ ಈ ನೆಲದಲ್ಲಿ ಮತ್ತೊಂದು ಪದವಿತ್ತು: 'ಶುದ್ಧ'. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರ ಇದೇ ಕಲ್ಯಾಣದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ. ಸಾಕ್ಷಿ, ಪತ್ರ, ಅನುಭೋಗ ಯಾವುದೂ ಇಲ್ಲದಾಗ ದಿವ್ಯಪರೀಕ್ಷೆ ಎನ್ನುತ್ತದೆ ಆ ಸ್ಮೃತಿ. ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂದು ಐದು ಬಗೆ. ಅಂಗೈಯಲ್ಲಿ ಏಳು ಅರಳಿ ಎಲೆ ಇಟ್ಟು, ಕಾದ ಕಬ್ಬಿಣದ ಗುಂಡು ಹೊರಿಸಿ ನಡೆಸುತ್ತಿದ್ದರು. ಕೈ ಸುಡದಿದ್ದರೆ ಶುದ್ಧ. ಕೋಶದಲ್ಲಿ ದೇವರ ಅಭಿಷೇಕದ ನೀರನ್ನು ಮೂರು ಸೇರೆ ಕುಡಿಸಿ, 14 ದಿನದೊಳಗೆ ರಾಜನಿಂದಾಗಲಿ ದೈವದಿಂದಾಗಲಿ ಘೋರ ಆಪತ್ತು ಬಾರದಿದ್ದರೆ ಅವನೂ ಶುದ್ಧ. ಕ್ರೂರ ವಿಧಾನವೇ ಸರಿ. ಆದರೆ ಗೆದ್ದು ಬಂದವನ ಮೇಲೆ ಅನುಮಾನದ ಎಳೆ ಉಳಿಯುತ್ತಿರಲಿಲ್ಲ.

ಇಂದಿನ ನ್ಯಾಯಾಲಯ ಅಷ್ಟು ದೂರ ಹೋಗುವುದಿಲ್ಲ. ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸುವ ಹೊಣೆ ಸರ್ಕಾರಿ ಪಕ್ಷದ್ದು. ಅದು ಸೋತರೆ, ಸಾಕ್ಷಿಗಳು ತಿರುಗಿಬಿದ್ದರೆ, ಸಂಶಯದ ಲಾಭ ಆರೋಪಿಗೆ. ತೀರ್ಪು ಅಂತಿಮವಾದರೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ನಡೆಸುವಂತಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 337ನೇ ಕಲಂ ಹೇಳುವುದು ಇದನ್ನೇ. ವಿಚಾರಣೆಗೆ ಮುನ್ನವೇ ಆರೋಪ ಕೈಬಿಟ್ಟರೆ ಈ ರಕ್ಷಣೆ ಇಲ್ಲ. ಅದು ಖುಲಾಸೆಯೂ ಅಲ್ಲ.

ತೊಡಕು ಬರುವುದು ನೌಕರಿಯ ವಿಷಯದಲ್ಲಿ. ಖುಲಾಸೆಯಾದ ತಮಿಳುನಾಡಿನ ಪೊಲೀಸ್ ನೌಕರನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ, ಸಾಕ್ಷಿಗಳು ತಿರುಗಿಬಿದ್ದುದರಿಂದ ಸಿಕ್ಕ ಬಿಡುಗಡೆ ಗೌರವಯುತ ಖುಲಾಸೆಯಲ್ಲ ಎಂದು ಹೇಳಿ, ಇಲಾಖೆಯ ವಜಾ ಆದೇಶವನ್ನು ಎತ್ತಿಹಿಡಿಯಿತು. 'ಗೌರವಯುತ ಖುಲಾಸೆ' ಎಂಬ ಮಾತೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇಲ್ಲವೆಂದೂ ಅದೇ ತೀರ್ಪು ಒಪ್ಪಿಕೊಂಡಿತು. ಉರ್ದುವಿನಲ್ಲಿ ಅದಕ್ಕೆ ಹಳೆಯ ಹೆಸರುಂಟು: 'ಬಾಇಜ್ಜತ್ ಬರೀ'.