ಗೋಡೆಯ ಬೆವರೂ ಗೃಹಸ್ವಾಮಿಯ ಹೊಣೆಯೂ: ಇಂಗ್ಲೆಂಡಿನ ಬಾಡಿಗೆಯ ಮನೆಗಳ ಚರಿತ್ರೆಯಲ್ಲಿ ಒಂದು ಪ್ರಕರಣ

ಬಾಡಿಗೆಯ ಮನೆಯ ಗೋಡೆಯಲ್ಲಿ ತೇವವು ತೋರಿ ಬೂಷ್ಟು ಹಿಡಿದಾಗ ಎರಡು ಪ್ರಶ್ನೆಗಳು ಏಳುತ್ತವೆ. ಈ ನೀರು ಎಲ್ಲಿಂದ ಬಂದಿತು ಎಂಬುದು ಒಂದು. ಇದನ್ನು ಹೋಗಲಾಡಿಸುವ ಹೊಣೆ ಯಾರದು ಎಂಬುದು ಇನ್ನೊಂದು. ಮೊದಲನೆಯದು ಪ್ರಕೃತಿಶಾಸ್ತ್ರಕ್ಕೆ ಸೇರಿದ್ದು. ಎರಡನೆಯದು ವ್ಯವಹಾರಧರ್ಮಕ್ಕೆ ಸೇರಿದ್ದು. ಇಂಗ್ಲೆಂಡಿನಲ್ಲಿ ಮೊದಲನೆಯದರ ಉತ್ತರವೇ ಎರಡನೆಯದನ್ನೂ ನಿರ್ಣಯಿಸುವುದೆಂಬ ಭಾವನೆಯು ಬಹುಕಾಲ ಬಲವಾಗಿತ್ತು. ಗೋಡೆಯ ದೋಷದಿಂದ ಒಳನುಗ್ಗಿದ ನೀರು ಮನೆಯ ಒಡೆಯನ ಪಾಲು. ಒಳಗಿರುವವರ ಉಸಿರಿನಿಂದಲೂ ಅಡಿಗೆಯಿಂದಲೂ ಹುಟ್ಟಿದ ನೀರು ಬಾಡಿಗೆದಾರನ ಪಾಲು. ಈ ಹಂಚಿಕೆಯು ಹೇಗೆ ಬೆಳೆದು ಹೇಗೆ ಸಡಿಲಿತೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮನೆಯನ್ನು ಸೇರುವ ತೇವವು ಮುಖ್ಯವಾಗಿ ಮೂರು ಬಗೆ. ನೆಲದಿಂದ ಗೋಡೆಯೊಳಗೆ ಏರುವುದು ಒಂದು. ಇದು ಸಾಮಾನ್ಯವಾಗಿ ಮೂರಡಿಗಳೊಳಗೆ ನಿಂತು ಉಪ್ಪಿನ ಗೆರೆಯನ್ನು ಬಿಡುತ್ತದೆ. ಮಳೆಯು ಬಿರುಕಿನಲ್ಲಿಯೋ ಛಾವಣಿಯಲ್ಲಿಯೋ ಇಳಿಯುವುದು ಎರಡನೆಯದು. ಒಳಗಿನ ಗಾಳಿಯಲ್ಲಿರುವ ಆವಿಯು ತಣ್ಣನೆಯ ಗೋಡೆಯನ್ನು ಮುಟ್ಟಿ ನೀರಾಗುವುದು ಮೂರನೆಯದು. ಮಲೆನಾಡಿನವರಿಗೆ ಗೋಡೆಯ ತೇವವೆಂದರೆ ಮುಂಗಾರಿನ ನೆನಪು ಬರುತ್ತದೆ. ಅಲ್ಲಿ ನೀರು ಹೊರಗಿನದು. ಇಂಗ್ಲೆಂಡಿನ ಚಳಿಗಾಲದಲ್ಲಿ ಗೋಡೆಯು ಒಳಗಿನಿಂದಲೇ ಬೆವರುತ್ತದೆ.

ಈ ಮೂರನೆಯದರ ತತ್ತ್ವವನ್ನು ಸ್ಪಷ್ಟಪಡಿಸಿದವನು ಲಂಡನ್ನಿನ ವೈದ್ಯನಾದ ವಿಲಿಯಂ ಚಾರ್ಲ್ಸ್ ವೆಲ್ಸ್. ಇಬ್ಬನಿಯು ಆಕಾಶದಿಂದ ಬೀಳುವುದಲ್ಲ, ತಣಿದ ವಸ್ತುವಿನ ಮೇಲೆ ಗಾಳಿಯಲ್ಲಿನ ಆವಿಯೇ ನೀರಾಗಿ ಕೂಡುವುದೆಂದು ಅವನು ೧೮೧೪ರ ತನ್ನ ಪ್ರಬಂಧದಲ್ಲಿ ತೋರಿಸಿದನು. ೧೮೨೦ರಲ್ಲಿ ಜಾನ್ ಫ್ರೆಡರಿಕ್ ಡೇನಿಯಲ್ಲನು ಇಬ್ಬನಿ ಕಟ್ಟುವ ಉಷ್ಣತೆಯನ್ನು ಅಳೆಯುವ ಯಂತ್ರವನ್ನು ರಚಿಸಿದನು. ೨೦ ಡಿಗ್ರಿ ಸೆಂಟಿಗ್ರೇಡಿನ ಗಾಳಿಯು ಒಂದು ಘನಮೀಟರಿನಲ್ಲಿ ಸುಮಾರು ೧೭ ಗ್ರಾಂ ಆವಿಯನ್ನು ಹೊರಬಲ್ಲುದು. ೧೦ ಡಿಗ್ರಿಗೆ ಇಳಿದರೆ ಒಂಬತ್ತು ಗ್ರಾಮಿಗಿಂತ ತುಸು ಹೆಚ್ಚು ಮಾತ್ರ. ಮಿಕ್ಕುದು ನೀರಾಗಲೇಬೇಕು. ಬೂಷ್ಟಿಗೆ ಹರಿಯುವ ನೀರೂ ಬೇಕಿಲ್ಲ. ಗೋಡೆಯ ಮೈಯಲ್ಲಿ ಗಾಳಿಯ ತೇವಾಂಶವು ನೂರಕ್ಕೆ ಎಂಬತ್ತರಷ್ಟು ಬಹುಕಾಲ ನಿಂತರೆ ಸಾಕು. ಆದುದರಿಂದಲೇ ಅದು ಹೊರಗೋಡೆಯ ಮೂಲೆಗಳಲ್ಲಿಯೂ ಕಿಟಕಿಯ ಸುತ್ತಲೂ ಗಾಳಿಯಾಡದ ಬೀರುವಿನ ಹಿಂದೆಯೂ ಮೊದಲು ತೋರುತ್ತದೆ.

ಇನ್ನು ಕಾನೂನಿನ ಕಡೆಗೆ ತಿರುಗಿದರೆ, ಇಂಗ್ಲೆಂಡಿನ ಹಳೆಯ ಧರ್ಮವು ಒಡೆಯನಿಗೆ ಬಹಳ ಅನುಕೂಲವಾಗಿತ್ತು. ಬಾಡಿಗೆದಾರನು ಮನೆಯನ್ನು ಕಂಡಂತೆ ಒಪ್ಪಿಕೊಳ್ಳತಕ್ಕದ್ದು. ಅದು ವಾಸಯೋಗ್ಯವೆಂಬ ಭರವಸೆಯನ್ನು ಯಾರೂ ಕೊಟ್ಟಂತಾಗುತ್ತಿರಲಿಲ್ಲ. ೧೮೪೩ರ ಸ್ಮಿತ್–ಮ್ಯಾರಬಲ್ ವ್ಯಾಜ್ಯದಲ್ಲಿ ಮಾತ್ರ ಒಂದು ಅಪವಾದವು ಹುಟ್ಟಿತು. ಬ್ರೈಟನ್ನಿನಲ್ಲಿ ಪೀಠೋಪಕರಣಸಹಿತವಾಗಿ ಕೊಟ್ಟ ಮನೆಯಲ್ಲಿ ತಿಗಣೆಗಳು ತುಂಬಿದ್ದುವು. ಅಂಥ ಮನೆಯನ್ನು ಬಿಟ್ಟುಹೋಗುವ ಅಧಿಕಾರವು ಬಾಡಿಗೆದಾರನಿಗೆ ಉಂಟೆಂದು ನ್ಯಾಯಾಲಯವು ಹೇಳಿತು. ಪೀಠೋಪಕರಣಗಳಿಲ್ಲದ ಬಡವರ ಮನೆಗೆ ಈ ರಕ್ಷಣೆ ಇರಲಿಲ್ಲ. ೧೮೮೫ರ ಶ್ರಮಜೀವಿಗಳ ವಸತಿ ಕಾಯಿದೆಯೇ ಕಡಿಮೆ ಬಾಡಿಗೆಯ ಮನೆಯು ಕೊಡುವ ಕಾಲದಲ್ಲಿ ವಾಸಯೋಗ್ಯವಾಗಿರಬೇಕೆಂದು ಮೊದಲು ವಿಧಿಸಿತು. ಅಷ್ಟರೊಳಗೆ, ೧೮೭೭ರ ಮಾದರಿ ಉಪನಿಯಮಗಳು ಹೊಸ ಮನೆಗಳ ಗೋಡೆಯ ಬುಡದಲ್ಲಿ ತೇವವನ್ನು ತಡೆಯುವ ಪದರವನ್ನು ಹಾಕಬೇಕೆಂದು ಹೇಳಿದ್ದುವು. ಹೀಗೆ ನೆಲದ ನೀರಿಗೆ ಕಲ್ಲುಹಲಗೆಯ ತಡೆಯೂ ಒಡೆಯನ ಹೊಣೆಗೆ ಕಾನೂನಿನ ಆಧಾರವೂ ದೊರೆತುವು.

ಕಾನೂನಿಗಿಂತ ಮುಂದೆ ನಡೆದ ಒಡೆಯರೂ ಇದ್ದರು. ೧೮೬೫ರಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆಯು ಜಾನ್ ರಸ್ಕಿನ್ನನ ಹಣದಿಂದ ಲಂಡನ್ನಿನ ಮೆರಿಲೆಬೋನಿನಲ್ಲಿ ಮೂರು ಮನೆಗಳ ಆಡಳಿತವನ್ನು ಕೈಕೊಂಡಳು. ಹಾಕಿದ ಹಣಕ್ಕೆ ನೂರಕ್ಕೆ ಐದರ ಲಾಭ ಬರಬೇಕೆಂಬುದು ಕರಾರು. ಬಾಡಿಗೆಯನ್ನು ವಾರವಾರವೂ ಸ್ವತಃ ಹೋಗಿ ಎತ್ತುವುದು ಅವಳ ಪದ್ಧತಿ. ಎತ್ತುವಾಗಲೇ ಮನೆಯ ಸ್ಥಿತಿಯೂ ಕಣ್ಣಿಗೆ ಬೀಳುತ್ತಿತ್ತು. ಒಂದೊಂದು ಮನೆಯ ದುರಸ್ತಿಗೂ ವರ್ಷಕ್ಕೆ ಇಷ್ಟೆಂದು ಹಣವನ್ನು ತೆಗೆದಿಟ್ಟು, ಅದರಲ್ಲಿ ಉಳಿದುದನ್ನು ಬಾಡಿಗೆದಾರರೇ ಬಯಸಿದ ಸೌಕರ್ಯಗಳಿಗೆ ವೆಚ್ಚಮಾಡುತ್ತಿದ್ದಳು. ಬಾಡಿಗೆಯನ್ನು ಬಾಕಿ ನಿಲ್ಲಿಸಿದವರಲ್ಲಿ ಅವಳು ನಿಷ್ಠುರಳು; ಆದರೆ ಒಡೆಯತನವೆಂಬುದು ನೋಡಿಕೊಳ್ಳುವ ಕೆಲಸವೆಂಬ ಭಾವವು ಅವಳ ಆಡಳಿತದಲ್ಲಿ ಸ್ಪಷ್ಟವಾಗಿದೆ.

ಆ ಕಾಲದ ಮನೆಗಳಲ್ಲಿ ಆವಿಯ ನೀರು ಇಷ್ಟು ದೊಡ್ಡ ಪ್ರಶ್ನೆಯಾಗದಿದ್ದುದಕ್ಕೆ ಕಾರಣವು ಅಗ್ಗಿಷ್ಟಿಕೆ. ಕಲ್ಲಿದ್ದಲಿನ ಬೆಂಕಿಯು ಕೊಠಡಿಯ ಗಾಳಿಯನ್ನು ಎಡೆಬಿಡದೆ ಹೊಗೆಗೂಡಿನ ಮೂಲಕ ಹೊರಕ್ಕೆ ಎಳೆಯುತ್ತಿತ್ತು. ಬಾಗಿಲು ಕಿಟಕಿಗಳ ಸಂದುಗಳಿಂದ ಹೊಸ ಗಾಳಿಯು ನುಗ್ಗುತ್ತಿತ್ತು. ಚಳಿಯನ್ನು ಸಹಿಸಬೇಕಾಗಿದ್ದರೂ ಆವಿಗೆ ದಾರಿಯಿತ್ತು. ೧೯೫೨ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ಹೊಗೆಮಂಜಿನಿಂದ ಸಾವಿರಾರು ಜನ ಸತ್ತರು. ೧೯೫೬ರ ಶುದ್ಧವಾಯು ಕಾಯಿದೆಯು ಹೊಗೆಯನ್ನು ನಿರ್ಬಂಧಿಸಿತು. ಹೊಗೆಗೂಡುಗಳು ಮುಚ್ಚಿದುವು. ಅದೇ ಕಾಲದಲ್ಲಿ ಹೊಗೆಗೂಡೇ ಇಲ್ಲದ ಕಾಂಕ್ರೀಟಿನ ವಸತಿಗಳು ಎದ್ದುವು. ೧೯೭೩ರ ತರುವಾಯ ಇಂಧನದ ಬೆಲೆಯು ಏರಿದಾಗ ಬಡ ಬಾಡಿಗೆದಾರರು ಮನೆಯನ್ನು ಕಾಸುವುದನ್ನು ಕಡಿಮೆಮಾಡಿದರು. ಕಿಟಕಿಯ ಸಂದುಗಳನ್ನೂ ಮುಚ್ಚಿದರು. ಹೊರಗಿನ ಗಾಳಿಯನ್ನು ಶುದ್ಧಿಗೊಳಿಸಿದ ಸುಧಾರಣೆಯೇ ಒಳಗಿನ ಗಾಳಿಯ ದಾರಿಯನ್ನು ಕಟ್ಟಿತೆಂಬುದು ಈ ಚರಿತ್ರೆಯ ಒಂದು ವೈಪರೀತ್ಯ.

ಬದಲಾದ ಈ ಮನೆಗೂ ಬದಲಾಗದ ಕಾನೂನಿಗೂ ೧೯೮೫ರಲ್ಲಿ ಮುಖಾಮುಖಿಯಾಯಿತು. ದಕ್ಷಿಣ ವೇಲ್ಸಿನ ಟಾಫ್ ಈಲಿ ಪುರಸಭೆಯ ಬಾಡಿಗೆದಾರನಾದ ಕ್ವಿಕ್ ಎಂಬವನು ದಾವೆ ಹೂಡಿದನು. ಅವನ ಮನೆಯ ಕಿಟಕಿಗಳ ಚೌಕಟ್ಟು ಲೋಹದ್ದು, ಗಾಜು ಒಂದೇ ಪದರದ್ದು. ಕಿಟಕಿಗಳ ಮೇಲಣ ಕಾಂಕ್ರೀಟಿನ ತೊಲೆಗಳಿಗೆ ಚಳಿಯನ್ನು ತಡೆಯುವ ಹೊದಿಕೆಯಿರಲಿಲ್ಲ. ಆವಿಯ ನೀರಿನಿಂದ ಬಟ್ಟೆಬರೆ ಹಾಸಿಗೆಗಳು ಬೂಷ್ಟು ಹಿಡಿದು ಕೆಟ್ಟುವು. ಚಳಿಗಾಲದಲ್ಲಿ ಅದು ಬಹುಮಟ್ಟಿಗೆ ವಾಸಯೋಗ್ಯವಲ್ಲವೆಂಬುದೂ ಸಿದ್ಧವಾಯಿತು. ಆದರೂ ಮೇಲ್ಮನವಿಯಲ್ಲಿ ಅವನು ಸೋತನು. ೧೯೬೧ರ ಕಾಯಿದೆಯು ಒಡೆಯನಿಗೆ ವಿಧಿಸಿದ್ದು ದುರಸ್ತಿಯನ್ನು ಮಾತ್ರ. ಕೆಟ್ಟುಹೋದುದನ್ನು ಸರಿಪಡಿಸುವುದೇ ದುರಸ್ತಿ. ಇಲ್ಲಿ ಕಿಟಕಿಯಾಗಲಿ ತೊಲೆಯಾಗಲಿ ಕೆಟ್ಟಿರಲಿಲ್ಲ, ಕಟ್ಟಿದಂದಿನಿಂದಲೂ ಹಾಗೆಯೇ ಇದ್ದುವು. ಹುಟ್ಟುದೋಷವು ದುರಸ್ತಿಯ ಅರ್ಥದೊಳಗೆ ಬರುವುದಿಲ್ಲವೆಂಬುದು ತೀರ್ಪಿನ ಸಾರ.

ತೀರ್ಪು ತರ್ಕಬದ್ಧವಾದುದು, ತಪ್ಪಿದ್ದುದು ಅದರ ಹಿಂದಣ ಶಾಸನದಲ್ಲಿ. ವಾಸಯೋಗ್ಯತೆಯ ವಿಧಿಯು ೧೮೮೫ರಿಂದ ಹೆಸರಿಗೆ ಉಳಿದೇ ಇತ್ತು. ಆದರೆ ೧೯೫೭ರಲ್ಲಿ ಅದರ ಮಿತಿಯನ್ನು ವಾರ್ಷಿಕ ಬಾಡಿಗೆ ಲಂಡನ್ನಿನಲ್ಲಿ ೮೦ ಪೌಂಡು, ಉಳಿದೆಡೆ ೫೨ ಪೌಂಡು ಎಂದು ಗೊತ್ತುಮಾಡಿ ಹಾಗೆಯೇ ಬಿಟ್ಟರು. ಬಾಡಿಗೆಗಳು ಏರಿದುವು, ಮಿತಿಯು ಏರಲಿಲ್ಲ. ರದ್ದಾಗದೆಯೇ ವಿಧಿಯು ನಿರ್ಜೀವವಾಯಿತು.

ಇದು ಸರಿಹೋಗಲು ಮತ್ತೂ ಮೂವತ್ತು ವರ್ಷಗಳು ಹಿಡಿದುವು. ೨೦೦೪ರ ವಸತಿ ಕಾಯಿದೆಯ ಮೇರೆಗೆ ಎಣಿಸಿದ ಇಪ್ಪತ್ತೊಂಬತ್ತು ಅಪಾಯಗಳಲ್ಲಿ ತೇವ ಮತ್ತು ಬೂಷ್ಟುಗಳಿಗೆ ಮೊದಲ ಸ್ಥಾನವು ದೊರೆಯಿತು. ೨೦೧೮ರಲ್ಲಿ ಅಂಗೀಕೃತವಾಗಿ ೨೦೧೯ರ ಮಾರ್ಚಿ ೨೦ರಂದು ಜಾರಿಗೆ ಬಂದ ವಾಸಯೋಗ್ಯತೆಯ ಕಾಯಿದೆಯು ಇಂಗ್ಲೆಂಡಿನಲ್ಲಿ ಬಾಡಿಗೆಯ ಮಿತಿಯನ್ನು ತೊಡೆದುಹಾಕಿತು. ಮನೆಯು ಕೆಟ್ಟಿದೆಯೇ ಎಂಬ ಪ್ರಶ್ನೆಯ ಜೊತೆಗೆ, ಅದರಲ್ಲಿ ಬಾಳಬಹುದೇ ಎಂಬ ಪ್ರಶ್ನೆಯನ್ನೂ ಬಾಡಿಗೆದಾರನು ನ್ಯಾಯಾಲಯದ ಮುಂದಿಡಬಹುದಾಯಿತು.

ಆದರೆ ಶಾಸನವು ಬದಲಾದಷ್ಟು ಬೇಗ ಮನೋಭಾವವು ಬದಲಾಗಲಿಲ್ಲ. ರಾಚ್‌ಡೇಲಿನಲ್ಲಿ ಒಂದು ವಸತಿ ಸಂಸ್ಥೆಯ ಮನೆಯಲ್ಲಿದ್ದ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗುವು ೨೦೨೦ರ ಡಿಸೆಂಬರಿನಲ್ಲಿ ತೀರಿಕೊಂಡಿತು. ತಂದೆಯು ಬೂಷ್ಟಿನ ವಿಷಯವನ್ನು ೨೦೧೭ರಲ್ಲಿಯೇ ತಿಳಿಸಿದ್ದನು. ಬಣ್ಣ ಬಳಿಯಿರೆಂಬ ಸಲಹೆಯು ದೊರೆತಿತ್ತು. ಬಹುಕಾಲ ಬೂಷ್ಟಿನ ಗಾಳಿಯನ್ನು ಉಸಿರಾಡಿದುದರಿಂದ ಉಂಟಾದ ಶ್ವಾಸರೋಗವೇ ಸಾವಿಗೆ ಕಾರಣವೆಂದೂ ಮನೆಯಲ್ಲಿ ಗಾಳಿಯಾಟವು ಸಾಲದಾಗಿತ್ತೆಂದೂ ೨೦೨೨ರ ನವೆಂಬರಿನಲ್ಲಿ ಮರಣವಿಚಾರಣಾಧಿಕಾರಿಯು ನಿರ್ಣಯಿಸಿದಳು. ಕುಟುಂಬದ ಜೀವನಕ್ರಮವೇ ಕಾರಣವೆಂದು ಊಹಿಸಿದುದು ತಪ್ಪೆಂದು ಸಂಸ್ಥೆಯು ಅನಂತರ ಒಪ್ಪಿಕೊಂಡಿತು. ಉಸಿರಿನ ನೀರು ಬಾಡಿಗೆದಾರನ ಪಾಲೆಂಬ ಹಳೆಯ ಹಂಚಿಕೆಯು ಇಲ್ಲಿ ಒಂದು ಜೀವದ ಬೆಲೆಯನ್ನು ತೆಗೆದುಕೊಂಡಿತು.

ಆ ಮಗುವಿನ ಹೆಸರಿನಿಂದಲೇ ಪ್ರಸಿದ್ಧವಾದ ನಿಯಮಗಳು, ೨೦೨೩ರ ಕಾಯಿದೆಯ ಅನುಸಾರವಾಗಿ, ಸಾಮಾಜಿಕ ವಸತಿಯ ಒಡೆಯರಿಗೆ ೨೦೨೫ರ ಅಕ್ಟೋಬರು ೨೭ರಿಂದ ಅನ್ವಯಿಸಿದುವು. ತುರ್ತಿನ ಅಪಾಯಕ್ಕೆ ೨೪ ಗಂಟೆಗಳೊಳಗೆ ಪರಿಹಾರ ಮಾಡಬೇಕು. ಗಣನೀಯವಾದ ತೇವ ಬೂಷ್ಟುಗಳನ್ನು ಕೆಲಸದ ಹತ್ತು ದಿನಗಳೊಳಗೆ ಪರೀಕ್ಷಿಸಬೇಕು. ಅಪಾಯವು ಕಂಡುಬಂದರೆ ಕೆಲಸದ ಐದು ದಿನಗಳೊಳಗೆ ಮನೆಯನ್ನು ಸುರಕ್ಷಿತಗೊಳಿಸಬೇಕು.

ಬಾಡಿಗೆದಾರನಿಗೆ ಕರ್ತವ್ಯವೇ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅಡಿಗೆಯ ಕಾಲದಲ್ಲಿ ಕಿಟಕಿಯನ್ನು ತೆರೆಯುವುದೂ ಬಟ್ಟೆಯನ್ನು ಗಾಳಿಯಾಡುವೆಡೆ ಒಣಗಿಸುವುದೂ ಅವನಿಗೆ ಸೇರಿದುವೇ. ಆದರೆ ಗೋಡೆಗೆ ಹೊದಿಕೆ, ಆವಿಗೆ ದಾರಿ, ಕೈಗೆಟುಕುವ ವೆಚ್ಚದ ಬಿಸಿ, ಈ ಮೂರನ್ನೂ ಒದಗಿಸಬಲ್ಲವನು ಒಡೆಯನೊಬ್ಬನೇ. ಇವಿಲ್ಲದೆ ಬೂಷ್ಟನ್ನು ತೊಳೆದರೆ ಅದು ಮರಳಿ ಬರುತ್ತದೆ. ಬಣ್ಣ ಬಳಿದರೆ ಬಣ್ಣದ ಮೇಲೆಯೇ ಬೆಳೆಯುತ್ತದೆ. ಮನೆಯಲ್ಲಿ ಇರುವವರು ಉಸಿರಾಡಿಯೇ ತೀರುವರು, ಅಡಿಗೆ ಮಾಡಿಯೇ ತೀರುವರು. ಅದನ್ನು ತಾಳಲಾರದ ಕಟ್ಟಡವನ್ನು ಮನೆಯೆಂದು ಬಾಡಿಗೆಗೆ ಕೊಡಲಾಗದೆಂಬ ತತ್ತ್ವವನ್ನು ಇಂಗ್ಲೆಂಡಿನ ಕಾನೂನು ೧೮೮೫ರಲ್ಲಿ ಒಪ್ಪಿ, ನಡುವೆ ಮರೆತು, ಬಹು ದೊಡ್ಡ ಬೆಲೆಯನ್ನು ತೆತ್ತು ಮತ್ತೆ ಕಲಿಯಬೇಕಾಯಿತು.