ಒಂದು ಧಾಟಿಯ ಮೂಲ

ನದಿಮೂಲ, ಋಷಿಮೂಲಗಳನ್ನು ಕೆದಕಬಾರದೆಂದು ಹಿರಿಯರು ಹೇಳುವುದುಂಟು. ಜನಪದ ಧಾಟಿಯ ಮೂಲವನ್ನೂ ಆ ಸಾಲಿಗೆ ಸೇರಿಸಬೇಕೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಕದಲಿಸಿದ್ದು ದೂರದ ಕೆನಡಾ ದೇಶದ ಒಂದು ಪಿಟೀಲಿನ ಧಾಟಿ.

ಮಿತ್ರರೊಬ್ಬರ ಮನೆಯಲ್ಲಿ ಅದನ್ನು ಮೊದಲು ಕೇಳಿದೆ. ಹೆಸರು ‘ಲಾ ವಾಲ್ಸ್ ದೆ ಜುವೆ’. ಎಂದರೆ ‘ಆಟಿಕೆಗಳ ವಾಲ್ಟ್ಸ್’. ಫ್ರೆಂಚ್ ನುಡಿಯ ಕ್ವಿಬೆಕ್ ಪ್ರಾಂತದ್ದು. ಮೂರೆಣಿಕೆಯ ತಾಳದಲ್ಲಿ ತೊಟ್ಟಿಲಿನಂತೆ ತೂಗುವ ಈ ಧಾಟಿಗೆ ಇನ್ನೂರು ವರ್ಷವಾದರೂ ಆಗಿರಬೇಕೆಂದು ಅಲ್ಲಿಯೇ ತೀರ್ಪಿತ್ತೆ. ಆಮೇಲೆ ತಿಳಿಯಿತು: ಅದನ್ನು ರಚಿಸಿದವರು ಮಿಶೆಲ್ ಫೋಬೇರ್. ಹಾಡುಗಾರರು, ಕಥೆ ಹೇಳುವುದರಲ್ಲಿ ಹೆಸರಾದವರು, ನಮ್ಮ ಕಾಲದವರೇ!

ನಾನು ಮೋಸಹೋದದ್ದೇಕೆ? ಧಾಟಿ ಹೊಸದಾದರೂ ಅದರ ವಂಶ ಹಳೆಯದು. ವಾಲ್ಟ್ಸ್ ಹುಟ್ಟಿದ್ದು ಫ್ರಾನ್ಸಿನಲ್ಲಲ್ಲ. ಆಸ್ಟ್ರಿಯ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗರ ಕುಣಿತದಲ್ಲಿ. ವಿಯೆನ್ನಾದ ನೃತ್ಯಶಾಲೆಗಳಿಂದ ಅದು ಯೂರೋಪಿಗೆಲ್ಲ ಹಬ್ಬಿತು. ಹೆಣ್ಣುಗಂಡು ತೋಳು ಬಳಸಿ ಸುತ್ತುವುದನ್ನು ಕಂಡು ಲಂಡನ್ನಿನ ‘ಟೈಮ್ಸ್’ ಪತ್ರಿಕೆ 1816ರಲ್ಲಿ ಅಸಭ್ಯವೆಂದು ಕಿಡಿಕಾರಿತು. ಕ್ವಿಬೆಕ್ಕಿನ ಪಾದ್ರಿಗಳಿಗೂ ಇಂಥ ಜೋಡಿಕುಣಿತ ಹಿಡಿಸಲಿಲ್ಲ. ಆದರೂ ಅದು ಹಳ್ಳಿಯ ಅಡುಗೆಮನೆಯನ್ನು ಹೊಕ್ಕಿತು; ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿನ ಜನ ಕೂಡಿ ಕುಣಿಯುತ್ತಿದ್ದುದು ಅಲ್ಲಿಯೇ.

ಆ ಅಡುಗೆಮನೆಯ ಸಂಗೀತವಾದರೂ ಶುದ್ಧ ಫ್ರೆಂಚ್ ಆಗಿತ್ತೆ? 1763ರ ಒಪ್ಪಂದದಿಂದ ನಾಡು ಇಂಗ್ಲಿಷರ ವಶವಾಯಿತು. ಅವರ ಹಿಂದೆ ಸ್ಕಾಟರು ಬಂದರು; 1847ರ ಕ್ಷಾಮವರ್ಷದಲ್ಲಿ ಐರಿಷರು ಹಡಗು ಹಡಗಾಗಿ ಬಂದಿಳಿದರು. ಇವರ ಧಾಟಿಗಳೆಲ್ಲ ಫ್ರೆಂಚರ ಪಿಟೀಲಿಗೆ ಇಳಿದವು. ವಾದಕನು ಕುಳಿತಲ್ಲೇ ಎರಡು ಪಾದಗಳಿಂದಲೂ ತಾಳ ತಟ್ಟುವ ಪದ್ಧತಿ ಸೇರಿ, ಅದಕ್ಕೊಂದು ಸ್ವಂತ ಮುಖ ಬಂದಿತು.

ಇನ್ನೊಂದು ಮಾತು. ಹಳಬರೂ ಹೊಸದನ್ನು ಕಟ್ಟುತ್ತಲೇ ಇದ್ದರು. 1873ರಲ್ಲಿ ಹುಟ್ಟಿದ ಜೋಸೆಫ್ ಅಲಾರ್ ಎಂಬ ಪಿಟೀಲುಗಾರ ತನ್ನ 55ನೆಯ ವಯಸ್ಸಿನಲ್ಲಿ, 1928ರಲ್ಲಿ, ಗ್ರಾಮಾಫೋನಿಗೆ ನುಡಿಸಿದ. ಕೇಳಿ ಕಲಿತ ಧಾಟಿಗಳ ಜೊತೆಗೆ ತಾನೇ ಕಟ್ಟಿದವೂ ಅವನಲ್ಲಿದ್ದವು. ಮುಂದೆ 1970ರ ದಶಕದಲ್ಲಿ ಕ್ವಿಬೆಕ್ಕಿನ ತರುಣರು ಅಜ್ಜಂದಿರ ಸಂಗೀತವನ್ನು ಅರಸಿ ಹೊರಟರು. 1976ರಲ್ಲಿ ಹುಟ್ಟಿದ ‘ಲಾ ಬೊತಿನ್ ಸೂರಿಯಾಂತ್’ ಮೇಳ ಆ ಉತ್ಸಾಹದ ಫಲ. ಫೋಬೇರರ ವಾಲ್ಟ್ಸ್ ಬೆಳೆದದ್ದು ಈ ಮಣ್ಣಿನಲ್ಲಿ.

ಇಂಥ ಧಾಟಿ ಕಿವಿಯಿಂದ ಕಿವಿಗೆ ಸಾಗುತ್ತದೆ. ದಾರಿಯಲ್ಲಿ ಮೊದಲು ಕಳಚಿ ಬೀಳುವುದು ಕಟ್ಟಿದವನ ಹೆಸರು. ಅದು ಬಿದ್ದೊಡನೆ ನಾವು ‘ಸಾಂಪ್ರದಾಯಿಕ’ವೆಂಬ ಚೀಟಿ ಅಂಟಿಸುತ್ತೇವೆ. ಅದು ಗೌರವದ ಮಾತೇ ಸರಿ. ಆದರೆ ಕಟ್ಟಿದವನು ಕಣ್ಣೆದುರಿಗಿರುವಾಗ ಹಾಗೆನ್ನುವುದು ಅವನಿಗೆ ಅನ್ಯಾಯ.

ಜಾನಪದಕ್ಕೆ ಕರ್ತೃವಿಲ್ಲವೆಂದು ನಾನು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದೇನೆ. ಈಗ ಆ ವಾಕ್ಯವನ್ನು ತಿದ್ದಿಕೊಂಡಿದ್ದೇನೆ: ಕರ್ತೃ ಇದ್ದ, ನಾವು ಅವನನ್ನು ಮರೆತೆವು.