ಆರತಿ ತಟ್ಟೆಯೂ ನಮ್ಮ ಚಪ್ಪಲಿಯೂ

ಬೆಂಗಳೂರಿನ ಲಿಂಗರಾಜಪುರಕ್ಕೆ ಹೊಂದಿಕೊಂಡ ಹಚಿನ್ಸ್ ರಸ್ತೆಯಲ್ಲಿ ಕ್ಯಾಥೊಲಿಕ್ಕರ ಒಂದು ಕೇಂದ್ರವಿದೆ. ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ಕೇಂದ್ರ ಎಂದು ಉದ್ದ ಹೆಸರು. ಎನ್.ಬಿ.ಸಿ.ಎಲ್.ಸಿ. ಅಂದರೆ ಆಯಿತು. 1967ರಲ್ಲಿ ಇದನ್ನು ಕಟ್ಟಿದವರು ಡಿ.ಎಸ್. ಅಮಲೋರ್‌ಪವದಾಸ್ ಎಂಬ ತಮಿಳು ಪಾದ್ರಿ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿದು, ಆಯಾ ನಾಡಿನ ಭಾಷೆ, ರೀತಿನೀತಿಗಳಿಗೆ ಚರ್ಚಿನ ಬಾಗಿಲು ತೆರೆದಿತ್ತು. ಕ್ರಿಸ್ತನಿಗೆ ಭಾರತದ ಉಡುಪು ಹೊಲಿಯಬೇಕು ಎಂದು ಇವರು ಹೊರಟರು. ಉದ್ದೇಶ ಒಳ್ಳೆಯದೇ. ಆದರೆ ಯಾರ ಅಳತೆ ತೆಗೆದು ಹೊಲಿದರು? ನಾವು ಕೇಳುವ ಪ್ರಶ್ನೆ ಇದು.

1969ರ ಏಪ್ರಿಲ್‌ನಲ್ಲಿ ರೋಮ್ ಹನ್ನೆರಡು ಬದಲಾವಣೆಗಳಿಗೆ ಒಪ್ಪಿಗೆ ಕೊಟ್ಟಿತು. ಪೂಜೆಯಲ್ಲಿ ನೆಲದ ಮೇಲೆ ಕೂರಬಹುದು. ಚಪ್ಪಲಿ ಕಳಚಬಹುದು. ಮಂಡಿಯೂರುವ ಬದಲು ಕೈಮುಗಿದು ಬಾಗಬಹುದು, ಪಂಚಾಂಗ ಪ್ರಣಾಮ ಮಾಡಬಹುದು. ಮೇಣದ ಬತ್ತಿಯ ಜಾಗಕ್ಕೆ ಎಣ್ಣೆ ದೀಪ, ಪಾದ್ರಿಯ ಹೆಗಲಿಗೆ ಅಂಗವಸ್ತ್ರ, ಕೊನೆಗೆ ಆರತಿ. ಯಾರಿಗೂ ಬಲವಂತ ಇರಲಿಲ್ಲ, ಹೇಳಿಬಿಡೋಣ. ಈ ಕೇಂದ್ರ ಅದನ್ನು ದೇಶಕ್ಕೆಲ್ಲ ಕಲಿಸಿತು. 1974ರ ಡಿಸೆಂಬರ್‌ನಲ್ಲಿ ಬೈಬಲಿನಾಚೆಯ ಧರ್ಮಗ್ರಂಥಗಳ ಬಗ್ಗೆ ಇಲ್ಲೇ ದೊಡ್ಡ ವಿಚಾರಗೋಷ್ಠಿ ನಡೆಯಿತು.

ಈಗ ಈ ಪಟ್ಟಿಯನ್ನು ನಮ್ಮ ಕೇರಿಗೆ ತಗೊಂಡು ಹೋಗಿ ಓದೋಣ. ನೆಲದ ಮೇಲೆ ಕೂರುವುದು ಭಾರತೀಯ ಸಂಸ್ಕೃತಿಯಂತೆ. ಹೌದಪ್ಪಾ, ಗೌಡರ ಜಗಲಿಯ ಕೆಳಗೆ ನಮ್ಮ ತಾತ ಮುತ್ತಾತ ಕೂತದ್ದು ನೆಲದ ಮೇಲೇ. ಚಪ್ಪಲಿ ಕಳಚುವುದು ಭಕ್ತಿಯಂತೆ. ಮೇಲುಕೇರಿ ಹಾಯುವಾಗ ಮೆಟ್ಟು ಕಳಚಿ ಕೈಲಿ ಹಿಡಿದವರು ನಾವು. ಆ ಮೆಟ್ಟು ಹೊಲಿದವರೂ ನಾವೇ. ಅಂಗವಸ್ತ್ರ? ಹೆಗಲ ಮೇಲಿನ ಟವೆಲು ಒಡೆಯನನ್ನು ಕಂಡ ಕೂಡಲೆ ಕಂಕುಳಿಗೆ ಇಳಿಯಬೇಕಿತ್ತು. ಪಂಚಾಂಗ ಪ್ರಣಾಮವಂತೂ ದಿನಾ ಇದ್ದದ್ದೇ. ಆರತಿ ನಡೆಯುವ ಗರ್ಭಗುಡಿಯನ್ನು ನಮ್ಮವರು ಹೊರಗಿನಿಂದ ಕೂಡ ಕಂಡಿರಲಿಲ್ಲ.

1809ರಲ್ಲಿ ಬೆಂಗಳೂರಿಗೆ ದಂಡು ಬಂದ ಮೇಲೆ ಆರ್ಕಾಟಿನ ಕಡೆಯಿಂದ ಬಂದ ಅಡಿಗೆಯವರು, ಕುದುರೆ ನೋಡುವವರು, ಜಾಡಮಾಲಿಗಳು, ಸಿಪಾಯಿಗಳು ಈ ಪೂರ್ವ ಭಾಗದಲ್ಲಿ ನೆಲೆಯೂರಿದರು. ಅವರಲ್ಲಿ ತಮಿಳು ದಲಿತರು ಬಹಳ. ಅಂಥವರಲ್ಲಿ ಹಲವರು ಚರ್ಚಿಗೆ ಹೋದರು. ಅಲ್ಲಿ ಸಿಕ್ಕಿದ ಬೆಂಚು, ಹೊಲಿದ ಅಂಗಿ, ಕಾಲಲ್ಲಿ ಬೂಟು, ಕೈಯಲ್ಲಿ ಓದುವ ಪುಸ್ತಕ, ಇವೆಲ್ಲ ಬಿಳಿಯರ ವೇಷ ಅಂತ ನಗುವವರಿಗೆ ನಗು ಸುಲಭ. ನೆಟ್ಟಗೆ ಕೂರಲು ಮೊದಲ ಸಲ ಜಾಗ ಸಿಕ್ಕವನಿಗೆ ಆ ಬೆಂಚೇ ಸುವಾರ್ತೆ. ಅವನನ್ನು ಮತ್ತೆ ನೆಲಕ್ಕೆ ಕರೆಯುವ ಮುಂಚೆ ಒಂದು ಮಾತು ಕೇಳಬಾರದಿತ್ತೆ?

ಚರ್ಚಿನೊಳಗೆ ಸಮಾನತೆ ತುಂಬಿ ತುಳುಕುತ್ತಿತ್ತು ಎಂದು ನಾವು ಹೇಳುತ್ತಿಲ್ಲ. ತಮಿಳುನಾಡಿನ ಎಷ್ಟೋ ಊರುಗಳಲ್ಲಿ ಕ್ರೈಸ್ತರಿಗೂ ಬೇರೆ ಬೇರೆ ಸ್ಮಶಾನ ಇದ್ದದ್ದು ಗುಟ್ಟೇನಲ್ಲ. ಬೈಬಲಿನ ಯಾಕೋಬನ ಪತ್ರಿಕೆ ಸಭೆಗೆ ಬಂದ ಸಿರಿವಂತನಿಗೆ ಒಳ್ಳೆಯ ಪೀಠ, ಬಡವನಿಗೆ ಕಾಲ ಬುಡ ಕೊಡುವವರನ್ನು ತರಾಟೆಗೆ ತೆಗೆದುಕೊಳ್ಳುತ್ತದೆ. ಪೀಠದಿಂದ ಹೆಚ್ಚಾಗಿ ಕೇಳಿಬಂದದ್ದು ತಾಳ್ಮೆ, ವಿನಯ, ವಿಧೇಯತೆ. ಇವು ಸದ್ಗುಣಗಳೇ. ಆದರೆ ಹುಟ್ಟಿನಿಂದಲೇ ಬಾಗಿದ ಬೆನ್ನಿಗೆ ಇನ್ನೂ ಬಾಗು ಅಂದರೆ ಅದು ಗುಣವೋ ಶಿಕ್ಷೆಯೋ? ಯೇಸು ಶಿಷ್ಯರ ಕಾಲು ತೊಳೆದ ಕತೆಯಲ್ಲಿ ಬಾಗಿದವನು ಗುರು. ಆಳು ಬಾಗಿದ್ದಕ್ಕೆ ಯಾರೂ ಕತೆ ಕಟ್ಟುವುದಿಲ್ಲ, ಅದು ಅವನ ಕೆಲಸ ಅಂದುಕೊಂಡಿರುತ್ತಾರೆ.

ಈ ಪ್ರಶ್ನೆಯನ್ನು ಪಂಡಿತರ ನಡುವೆ ಎತ್ತಿದ್ದೂ ಬೆಂಗಳೂರಿನಲ್ಲೇ. ಬಂಡಾಯ ಸಾಹಿತ್ಯ ಸಂಘಟನೆಯ ಮೊದಲ ಸಮ್ಮೇಳನ ಈ ಊರಲ್ಲಿ ನಡೆದು ಎರಡು ವರ್ಷವಾಗಿತ್ತು. 1981ರಲ್ಲಿ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಬಗ್ಗೆ ಮಾತಾಡಿದರು. ಭಾರತದ ಕ್ರೈಸ್ತ ಚಿಂತನೆ ವೇದಾಂತದ ಬ್ರಾಹ್ಮಣರ ಜತೆಗೇ ಮಾತಾಡುತ್ತ ಬಂದಿದೆ, ಚರ್ಚಿನಲ್ಲಿ ತುಂಬಿರುವ ದಲಿತರ ನೋವು ಅದರೊಳಗೆ ಬಂದಿಲ್ಲ ಎಂಬುದು ಅವರ ತಕರಾರು. ದಲಿತ ದೇವತಾಶಾಸ್ತ್ರ ಎಂದು ಮುಂದೆ ಬೆಳೆದದ್ದರ ಬೀಜ ಅದು. ದೇಸಿ ಬೇಕು ಅನ್ನುವವರು ಉಪನಿಷತ್ತಿಗೆ ಓಡುತ್ತಾರೆ. ಮಂಟೇಸ್ವಾಮಿ ಹಾಡುವ ನೀಲಗಾರ ದೇಸಿ ಅಲ್ಲವೇ? ತಮಟೆ ದೇಸಿ ಅಲ್ಲವೇ?

1982ರಲ್ಲಿ ತಿರುಚ್ಚಿಯಲ್ಲಿ ಸೇರಿದ ಕ್ಯಾಥೊಲಿಕ್ ಬಿಷಪ್ಪರು ಜಾತಿಗೆ ಕ್ರೈಸ್ತಧರ್ಮದಲ್ಲಿ ಜಾಗವಿಲ್ಲ ಎಂದು ಸಾರಿದರು. ಚರ್ಚಿನೊಳಗೂ ಅಸ್ಪೃಶ್ಯತೆ ಇದೆ ಎಂದು 2016ರ ತಮ್ಮ ದಲಿತ ನೀತಿಯಲ್ಲಿ ಒಪ್ಪಿಕೊಂಡರು. ಅವರದೇ ಲೆಕ್ಕದಲ್ಲಿ ದೇಶದ ಸುಮಾರು 1.9 ಕೋಟಿ ಕ್ಯಾಥೊಲಿಕ್ಕರಲ್ಲಿ 1.2 ಕೋಟಿ ದಲಿತರು. ಒಬ್ಬ ದಲಿತ ಕಾರ್ಡಿನಲ್ ಆಗಲು, ಹೈದರಾಬಾದಿನ ಆಂಟನಿ ಪೂಲಾ, 2022 ಬರಬೇಕಾಯಿತು.

ಇನ್ನು ಸರ್ಕಾರದ ಕತೆ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಮದರಾಸಿನ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಕ್ರೈಸ್ತ ಆದಿದ್ರಾವಿಡ ಸುಪ್ರೀಂ ಕೋರ್ಟಿಗೆ ಹೋದದ್ದು ಇದಕ್ಕೇ. ಹಿಂದೂ ಮೋಚಿಗಳಿಗೆ ಸರ್ಕಾರ ಪೆಟ್ಟಿಗೆ ಅಂಗಡಿ ಕೊಟ್ಟಿತು, ಈತನಿಗೆ ಇಲ್ಲ. ಮತಾಂತರದ ಮೇಲೂ ಹಿಂದಿನ ಕಷ್ಟ ಅಷ್ಟೇ ತೀವ್ರವಾಗಿದೆ ಎಂಬುದಕ್ಕೆ ಸಾಕ್ಷ್ಯ ಸಾಲದು ಎಂದು 1985ರಲ್ಲಿ ಕೋರ್ಟು ಅರ್ಜಿ ವಜಾ ಮಾಡಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಪ್ಯಾರಾ ತೆಗೆಯಿರಿ ಅಂದಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು.

ಹಳ್ಳಿ ಮೇಷ್ಟ್ರುಗಳಿಗೆ ಇದು ಕೋರ್ಟಿನ ದೂರದ ಮಾತಲ್ಲ. ಜೂನ್ ತಿಂಗಳಲ್ಲಿ ಮಗುವಿನ ಕೈ ಹಿಡಿದು ತಾಯಿ ಬರುತ್ತಾಳೆ. ಧರ್ಮದ ಕಾಲಮ್ಮಿನಲ್ಲಿ ಕ್ರಿಶ್ಚಿಯನ್ ಅಂತ ಬರೆಸಿದರೆ ಮಗು ಪರಿಶಿಷ್ಟ ಪಟ್ಟಿಯಿಂದ ಹೊರಗೆ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯಿಂದಲೂ ಹೊರಗೆ. ಹಿಂದೂ ಅಂತ ಬರೆಸಿದರೆ ಭಾನುವಾರ ಪೂಜೆಯಲ್ಲಿ ಸುಳ್ಳು ಹೇಳಬಾರದೆಂಬ ಕಟ್ಟಳೆ ಕೇಳುತ್ತ ಕೂರಬೇಕು. ಎರಡು ಹೆಸರಿಟ್ಟುಕೊಂಡು ಬದುಕುವ ಎಷ್ಟೋ ಮನೆಗಳಿವೆ, ಮನೆಗೊಂದು, ದಾಖಲಾತಿ ಪುಸ್ತಕಕ್ಕೊಂದು. ಏನಂತ ಬರೀಲಿ ಅಂತ ಮೇಷ್ಟ್ರು ಕೇಳುತ್ತಾರೆ. ನೀವೇ ಹೇಳಿ ಸ್ವಾಮಿ ಅನ್ನುತ್ತಾಳೆ ಆ ತಾಯಿ.